ದಿನಗಳನ್ನು ಹಿಂದಕ್ಕೆ ಎಣಿಸಿದ ವೈದ್ಯರು: ಜಪಾನಿನ ಡಾಕ್ಟರ್ ಕ್ಯುಸಾಕು ಒಗಿನೊ

ಪರಸ್ಥಳದಲ್ಲಿ ದುಡಿಯುವ ನಮ್ಮವರಿಗೆ ಕ್ಯಾಲೆಂಡರು ಎಂಬುದು ಬರಿಯ ತಾರೀಕು ನೋಡುವ ಕಾಗದವಲ್ಲ. ಹೋಟೆಲಿನ ಗಲ್ಲಾದ ಹಿಂದಿನ ಗೋಡೆಯ ಮೇಲಾಗಲಿ, ಗುಮಾಸ್ತನ ಮೇಜಿನ ಮೇಲಾಗಲಿ ಇರುವ ಆ ಕ್ಯಾಲೆಂಡರಿನಲ್ಲಿ ಊರಿಗೆ ಹೊರಡುವ ದಿನಕ್ಕೊಂದು ಗುರುತು ಬಿದ್ದಿರುತ್ತದೆ. ಆ ಗುರುತಿನಿಂದ ಹಿಂದಕ್ಕೆ ಎಣಿಸುತ್ತ, ಇನ್ನೆಷ್ಟು ದಿನ ಉಳಿಯಿತೆಂದು ಲೆಕ್ಕ ಹಾಕದವರು ನಮ್ಮಲ್ಲಿ ವಿರಳ. ಮುಂದಕ್ಕಲ್ಲ, ಹಿಂದಕ್ಕೆ ಎಣಿಸಬೇಕು ಎಂಬ ಇಷ್ಟೇ ಸರಳವಾದ ವಿಚಾರದಿಂದ, ವೈದ್ಯಶಾಸ್ತ್ರವು ಬಹುಕಾಲ ತಪ್ಪಾಗಿ ತಿಳಿದಿದ್ದ ಒಂದು ವಿಷಯವನ್ನು ತಿದ್ದಿದ ಮಹನೀಯರೊಬ್ಬರು ಜಪಾನಿನಲ್ಲಿದ್ದರು. ಅವರ ಹೆಸರು ಡಾಕ್ಟರ್ ಕ್ಯುಸಾಕು ಒಗಿನೊ.

ಸ್ತ್ರೀಯು ತಿಂಗಳಿನ ಯಾವ ದಿನಗಳಲ್ಲಿ ಗರ್ಭ ಧರಿಸಬಲ್ಲಳು, ಯಾವ ದಿನಗಳಲ್ಲಿ ಧರಿಸಲಾರಳು ಎಂಬುದೇ ಆ ವಿಷಯ. ಇದನ್ನು ಕುರಿತು ಬಹಿರಂಗವಾಗಿ ಮಾತನಾಡಲು ನಮ್ಮಲ್ಲಿ ಸಂಕೋಚವುಂಟು. ಆದರೆ ಮಕ್ಕಳಿಲ್ಲವೆಂದು ಕೊರಗುವ ಮನೆಗಳೂ, ಸಂಬಳಕ್ಕೆ ಮೀರಿ ಮಕ್ಕಳಾದುವೆಂದು ಕೊರಗುವ ಮನೆಗಳೂ ನಮ್ಮ ನಡುವೆಯೇ ಇವೆ. ಎರಡು ಬಗೆಯ ಮನೆಗಳಿಗೂ ಈ ವೈದ್ಯರ ಜೀವನದಿಂದ ತಿಳಿಯಬೇಕಾದುದಿದೆ. ಆದುದರಿಂದ ಸಂಕೋಚವನ್ನು ಸ್ವಲ್ಪ ಬದಿಗಿರಿಸಿ ಅವರ ಚರಿತ್ರೆಯನ್ನು ಅರಿಯುವುದು ಒಳ್ಳೆಯದು.

ಒಗಿನೊ ಅವರು ೧೮೮೨ನೆಯ ಇಸವಿ ಮಾರ್ಚ್ ೨೫ರಂದು ಐಚಿ ಪ್ರಾಂತದ ಟೊಯೊಹಾಶಿ ಎಂಬಲ್ಲಿ ಜನಿಸಿದರು. ಹುಟ್ಟಿದ ಮನೆಯ ಹೆಸರು ನಾಕಾಮುರಾ. ಅದು ಬೇಸಾಯಗಾರರ ಕುಟುಂಬ. ತಾರುಣ್ಯದಲ್ಲಿ ಅವರು ಒಗಿನೊ ಎಂಬ ಮನೆತನಕ್ಕೆ ದತ್ತು ಹೋದರು. ಪ್ರಾಯಕ್ಕೆ ಬಂದ ಹುಡುಗರನ್ನು ದತ್ತು ತೆಗೆದುಕೊಂಡು ಮನೆತನದ ಹೆಸರನ್ನು ಉಳಿಸಿಕೊಳ್ಳುವ ಪದ್ಧತಿ ಜಪಾನಿನಲ್ಲಿ ಹಿಂದಿನಿಂದಲೂ ಇದೆ. ಹೀಗೆ ಬೇಸಾಯಗಾರರ ಮನೆಯಲ್ಲಿ ಹುಟ್ಟಿದ ಹುಡುಗನು ಬೇರೊಂದು ಮನೆತನದ ಹೆಸರನ್ನು ಹೊತ್ತು, ಮುಂದೆ ಆ ಹೆಸರು ದೇಶದೇಶಗಳಲ್ಲಿ ಮನೆಮಾತಾಗುವಂತೆ ಮಾಡಿದನು.

ಆ ಕಾಲದ ಜಪಾನು ಹೊಸ ವಿದ್ಯೆಗಾಗಿ ಹಸಿದಿದ್ದ ದೇಶ. ೧೮೬೮ರ ರಾಜ್ಯಪರಿವರ್ತನೆಯ ತರುವಾಯ ಅದು ಪಾಶ್ಚಾತ್ಯ ಶಾಸ್ತ್ರಗಳನ್ನು ಒಂದೊಂದಾಗಿ ತನ್ನದಾಗಿಸಿಕೊಳ್ಳುತ್ತಿತ್ತು. ವೈದ್ಯವಿದ್ಯೆಯಲ್ಲಿ ಅದು ಆರಿಸಿಕೊಂಡ ಗುರು ಜರ್ಮನಿ. ಒಗಿನೊ ಅವರು ಟೋಕಿಯೋ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ ೧೯೦೯ರಲ್ಲಿ ಪದವೀಧರರಾದರು. ಸ್ತ್ರೀರೋಗಗಳ ಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಪಡೆದರು. ೧೯೧೨ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ರಾಜಧಾನಿಯನ್ನು ಬಿಟ್ಟು ನೀಗಾಟಾ ನಗರಕ್ಕೆ ಬಂದು, ಅಲ್ಲಿನ ಟಾಕೆಯಾಮಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗದ ಮುಖ್ಯ ವೈದ್ಯರಾದರು.

ನೀಗಾಟಾ ಜಪಾನಿನ ಪಶ್ಚಿಮ ತೀರದ ಊರು. ಸುತ್ತಲೂ ಭತ್ತದ ಗದ್ದೆಗಳು, ಚಳಿಗಾಲದಲ್ಲಿ ಹಿಮ. ಹೊಟ್ಟೆಪಾಡಿಗೆಂದು ಬಂದ ಪರಸ್ಥಳವೇ ಕ್ರಮೇಣ ತನ್ನ ಊರಾಗುವುದನ್ನು ನಮ್ಮ ವಾಚಕರು ಬಲ್ಲರು. ಒಗಿನೊ ಅವರಿಗೂ ಹಾಗೆಯೇ ಆಯಿತು. ಒಮ್ಮೆ ಬಂದವರು ತಮ್ಮ ಆಯುಷ್ಯದ ಕೊನೆಯವರೆಗೂ ಆ ಊರನ್ನು ಬಿಡಲಿಲ್ಲ. ಅವರು ವಿಶ್ವವಿದ್ಯಾಲಯದ ಪೀಠದಲ್ಲಿ ಕುಳಿತ ಪ್ರಾಧ್ಯಾಪಕರಾಗಿರಲಿಲ್ಲ. ದಿನವೂ ರೋಗಿಗಳನ್ನು ನೋಡಿ, ಶಸ್ತ್ರಕ್ರಿಯೆ ನಡೆಸಿ, ಆ ಕೆಲಸದ ನಡುವೆಯೇ ಸಂಶೋಧನೆ ಮಾಡಿದ ಆಸ್ಪತ್ರೆಯ ವೈದ್ಯರು. ಅವರ ದೊಡ್ಡತನವನ್ನು ಅಳೆಯುವಾಗ ಈ ಮಾತನ್ನು ಮರೆಯಬಾರದು.

ಅವರು ಬಿಡಿಸಹೊರಟ ಪ್ರಶ್ನೆ ಏನೆಂಬುದನ್ನು ತಿಳಿಯಲು ಆ ಕಾಲದ ತಿಳಿವಳಿಕೆಯನ್ನು ನೋಡಬೇಕು. ಸ್ತ್ರೀಯ ಅಂಡಾಶಯದಿಂದ ತಿಂಗಳಿಗೊಂದು ಅಂಡವು ಹೊರಬರುತ್ತದೆ, ಅದು ಪುರುಷಬೀಜದೊಡನೆ ಕೂಡಿದರೆ ಗರ್ಭ ನಿಲ್ಲುತ್ತದೆ, ಕೂಡದಿದ್ದರೆ ಕೆಲವು ದಿನಗಳ ಅನಂತರ ಮುಟ್ಟಾಗುತ್ತದೆ. ಇಷ್ಟನ್ನು ಇಂದು ಶಾಲೆಯ ಪುಸ್ತಕಗಳೇ ಹೇಳುತ್ತವೆ. ಆದರೆ ಹತ್ತೊಂಬತ್ತನೆಯ ಶತಮಾನದ ಐರೋಪ್ಯ ವೈದ್ಯರಲ್ಲಿ ಅನೇಕರು, ಪ್ರಾಣಿಗಳು ಬೆದೆಗೆ ಬರುವುದನ್ನು ನೋಡಿ, ಮುಟ್ಟಾಗುವ ಸಮಯದಲ್ಲಿಯೇ ಅಂಡವೂ ಹೊರಬರುತ್ತದೆಂದು ನಂಬಿದ್ದರು. ಅದರಂತೆ, ಮಕ್ಕಳು ಬೇಡವೆನ್ನುವ ದಂಪತಿಗಳಿಗೆ ಎರಡು ಮುಟ್ಟುಗಳ ನಡುವಣ ದಿನಗಳೇ ನಿರಪಾಯವೆಂದು ಬುದ್ಧಿ ಹೇಳುತ್ತಿದ್ದರು. ಗರ್ಭ ನಿಲ್ಲುವ ಸಂಭವ ಅತ್ಯಂತ ಹೆಚ್ಚಾಗಿರುವುದು ಸಾಮಾನ್ಯವಾಗಿ ಆ ದಿನಗಳಲ್ಲಿಯೇ! ವೈದ್ಯರ ಮಾತನ್ನು ನಂಬಿ ನಡೆದ ಎಷ್ಟು ಮಂದಿ ತಾಯಂದಿರು ಬೇಡದ ಬಸಿರನ್ನು ಹೊತ್ತರೋ, ಮಕ್ಕಳಿಗಾಗಿ ಹಂಬಲಿಸಿದ ಎಷ್ಟು ಮಂದಿ ತಪ್ಪು ದಿನಗಳಲ್ಲಿ ಕಾದರೋ, ಅದರ ಲೆಕ್ಕವನ್ನು ಇಟ್ಟವರಿಲ್ಲ.

ನಮ್ಮ ಧರ್ಮಶಾಸ್ತ್ರಗಳು ಮುಟ್ಟಿನ ಮೊದಲ ದಿನದಿಂದ ಹದಿನಾರು ರಾತ್ರಿಗಳನ್ನು ಋತುಕಾಲವೆಂದು ಗಣಿಸಿ, ಮೊದಲ ನಾಲ್ಕನ್ನು ವರ್ಜಿಸಿದುವು. ಈ ಎಣಿಕೆಯು ಐರೋಪ್ಯರ ಹಳೆಯ ಎಣಿಕೆಗಿಂತ ಸತ್ಯಕ್ಕೆ ಹತ್ತಿರವಾಗಿತ್ತು. ಆದರೂ ಇಲ್ಲಿಯೂ ಅಲ್ಲಿಯೂ ಒಂದು ಸಾಮ್ಯವಿತ್ತು. ಎಲ್ಲರೂ ಕಳೆದ ಮುಟ್ಟಿನ ದಿನವನ್ನು ಹಿಡಿದು ಮುಂದಕ್ಕೆ ಎಣಿಸುತ್ತಿದ್ದರು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ವೈದ್ಯರು ಅಂಡಾಶಯವನ್ನು ಪ್ರತ್ಯಕ್ಷವಾಗಿ ಪರೀಕ್ಷಿಸಿ ಅಂಡ ಹೊರಬರುವ ದಿನವನ್ನು ಕಂಡುಹಿಡಿಯಲು ಯತ್ನಿಸಿದ್ದರು. ಆದರೆ ಒಬ್ಬೊಬ್ಬರ ಉತ್ತರ ಒಂದೊಂದು ಬಗೆಯಾಗಿತ್ತು. ಒಗಿನೊ ಅವರು ಇದೇ ಕೆಲಸವನ್ನು ನೀಗಾಟಾದಲ್ಲಿ ಕೈಗೆತ್ತಿಕೊಂಡರು. ಬೇರೆ ಬೇರೆ ಕಾಯಿಲೆಗಳಿಗಾಗಿ ಹೊಟ್ಟೆಯ ಶಸ್ತ್ರಕ್ರಿಯೆಗೆ ಬಂದ ಸ್ತ್ರೀಯರ ಅಂಡಾಶಯಗಳನ್ನು ಆ ಸಮಯದಲ್ಲಿ ಸೂಕ್ಷ್ಮವಾಗಿ ಗಮನಿಸುತ್ತಿದ್ದರು. ಅಂಡವು ಹೊರಬಂದ ಸ್ಥಳದಲ್ಲಿ ಹಳದಿ ಬಣ್ಣದ ಸಣ್ಣ ಗಂಟೊಂದು ಬೆಳೆಯುತ್ತದೆ. ವೈದ್ಯರು ಅದನ್ನು ಪೀತಪಿಂಡವೆನ್ನುತ್ತಾರೆ. ಆ ಗಂಟು ಎಳೆಯದೋ, ಬಲಿತದ್ದೋ ಎಂಬುದನ್ನು ನೋಡಿದರೆ ಅಂಡವು ಹೊರಬಂದು ಎಷ್ಟು ದಿನವಾಯಿತೆಂಬುದನ್ನು ಊಹಿಸಬಹುದು. ಹೀಗೆ ಕಂಡುದನ್ನು ಅವರು ಬರೆದಿಟ್ಟರು. ಆ ಸ್ತ್ರೀಯು ಹಿಂದೆ ಮುಟ್ಟಾದ ದಿನವನ್ನು ಬರೆದಿಟ್ಟರು. ಅಲ್ಲಿಗೇ ನಿಲ್ಲಿಸದೆ, ಮುಂದಿನ ಮುಟ್ಟು ಯಾವ ದಿನ ಬಂದಿತೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರು.

ಕಳೆದ ಮುಟ್ಟಿನಿಂದ ಮುಂದಕ್ಕೆ ಎಣಿಸಿದಾಗ ದಿನಗಳು ಚದರಿಹೋಗುತ್ತಿದ್ದುವು. ಒಬ್ಬಳಿಗೆ ಹತ್ತನೆಯ ದಿನ, ಇನ್ನೊಬ್ಬಳಿಗೆ ಇಪ್ಪತ್ತನೆಯ ದಿನ. ಬರಲಿರುವ ಮುಟ್ಟಿನಿಂದ ಹಿಂದಕ್ಕೆ ಎಣಿಸಿದಾಗ ಅವೇ ದಿನಗಳು ಒಂದೆಡೆ ಬಂದು ಸೇರಿದುವು. ಮುಂದಿನ ಮುಟ್ಟಿಗೆ ಹಿಂದಿನ ಹನ್ನೆರಡನೆಯ ದಿನದಿಂದ ಹದಿನಾರನೆಯ ದಿನದೊಳಗಿನ ಐದು ದಿನಗಳಲ್ಲಿ ಅಂಡವು ಹೊರಬರುತ್ತದೆಂದು ಅವರು ಕಂಡರು. ಇದನ್ನು ೧೯೨೪ರಲ್ಲಿ ಜಪಾನೀ ಭಾಷೆಯಲ್ಲಿ ಪ್ರಕಟಿಸಿದರು.

ಇದರ ಕಾರಣವನ್ನು ಮುಂದಿನ ಸಂಶೋಧನೆಗಳು ಸ್ಪಷ್ಟಪಡಿಸಿವೆ. ಅಂಡವು ಬಲಿಯಲು ಹಿಡಿಯುವ ಕಾಲವು ಒಬ್ಬೊಬ್ಬರಲ್ಲಿ, ಒಂದೊಂದು ತಿಂಗಳಲ್ಲಿ ಹೆಚ್ಚು ಕಡಿಮೆಯಾಗುತ್ತದೆ. ಆದರೆ ಅಂಡವು ಹೊರಬಂದ ಮೇಲೆ ಪೀತಪಿಂಡವು ಸುಮಾರು ಎರಡು ವಾರಗಳಷ್ಟೇ ಬಾಳುತ್ತದೆ. ಗರ್ಭ ನಿಲ್ಲದಿದ್ದರೆ ಅದು ಬಾಡುತ್ತದೆ. ಅದು ಬಾಡಿದೊಡನೆ ಮುಟ್ಟಾಗುತ್ತದೆ. ಆದುದರಿಂದ ಋತುಚಕ್ರದ ಮೊದಲ ಭಾಗವೇ ಹೆಚ್ಚಾಗಿ ಹಿಗ್ಗಿ ಕುಗ್ಗುವುದು. ಎರಡನೆಯ ಭಾಗದಲ್ಲಿ ವ್ಯತ್ಯಾಸ ಕಡಿಮೆ. ಇಪ್ಪತ್ತೆಂಟು ದಿನಗಳಿಗೊಮ್ಮೆ ಮುಟ್ಟಾಗುವವಳಿಗೆ ಸುಮಾರು ಹದಿನಾಲ್ಕನೆಯ ದಿನ ಅಂಡವು ಹೊರಬಂದರೆ, ಇಪ್ಪತ್ತನಾಲ್ಕು ದಿನಗಳಿಗೊಮ್ಮೆ ಆಗುವವಳಿಗೆ ಹತ್ತನೆಯ ದಿನದ ಸುಮಾರಿಗೆ, ಮೂವತ್ತೈದು ದಿನಗಳಿಗೊಮ್ಮೆ ಆಗುವವಳಿಗೆ ಇಪ್ಪತ್ತೊಂದನೆಯ ದಿನದ ಸುಮಾರಿಗೆ ಬರುವುದು. ಎಲ್ಲರಿಗೂ ಹದಿನಾಲ್ಕನೆಯ ದಿನವೆಂದು ನಂಬುವುದು ಇಂದಿಗೂ ಅನೇಕರು ಮಾಡುವ ತಪ್ಪು.

ಒಗಿನೊ ಅವರ ಆಶಯ ಮಕ್ಕಳಿಲ್ಲದವರಿಗೆ ನೆರವಾಗುವುದಾಗಿತ್ತು. ಅಂಡದ ದಿನ ತಿಳಿದರೆ, ಸಂತಾನವನ್ನು ಬಯಸುವ ದಂಪತಿಗಳು ಸಕಾಲದಲ್ಲಿ ಕೂಡಬಹುದಷ್ಟೆ. ಈ ಮಾತು ನಮ್ಮವರಿಗೆ ಬಹಳ ಹತ್ತಿರದ್ದು. ಹೆಂಡತಿಯನ್ನು ಊರಿನಲ್ಲಿರಿಸಿ ವರ್ಷಕ್ಕೊಮ್ಮೆ ಹತ್ತು ಹದಿನೈದು ದಿನಗಳ ರಜೆಯಲ್ಲಿ ಹೋಗಿಬರುವವರು ಎಷ್ಟು ಮಂದಿಯಿಲ್ಲ! ಇಡೀ ಋತುಚಕ್ರದಲ್ಲಿ ಗರ್ಭ ನಿಲ್ಲಬಹುದಾದ ದಿನಗಳು ಆರು ಮಾತ್ರ. ಆ ಆರು ದಿನಗಳು ಗಂಡನ ರಜೆಗೆ ಸೇರದೆ ಹೋದರೆ ಆ ವರ್ಷವೇ ವ್ಯರ್ಥವಾಯಿತು. ಹೀಗೆ ಎರಡು ಮೂರು ವರ್ಷ ಕಳೆದರೆ ಮನೆಯ ಹಿರಿಯರ ಬಾಯಲ್ಲಿ ಬಂಜೆಯೆಂಬ ಮಾತು ಬರುತ್ತದೆ. ಹರಕೆ, ಪ್ರಶ್ನೆ, ಮದ್ದುಗಳ ಓಡಾಟ ನಡೆಯುತ್ತದೆ. ಎರಡನೆಯ ಮದುವೆಯ ಮಾತೂ ಎದ್ದೀತು. ಯಾವ ದೋಷವೂ ಇಲ್ಲದ ಹೆಣ್ಣು, ರೈಲಿನ ಟಿಕೇಟಿಗೂ ತನ್ನ ಶರೀರದ ದಿನಗಳಿಗೂ ಹೊಂದಾಣಿಕೆಯಾಗದ ಒಂದೇ ಕಾರಣಕ್ಕಾಗಿ ನಿಂದೆಯನ್ನು ಹೊರಬೇಕಾಗುತ್ತದೆ. ಒಗಿನೊ ಅವರ ಲೆಕ್ಕವನ್ನು ಬಲ್ಲ ಗಂಡನು ಅಂತಹ ನಿಂದೆಯನ್ನು ತಡೆಯಬಲ್ಲನು.

ಜಪಾನೀ ಭಾಷೆಯ ಲೇಖನವನ್ನು ಐರೋಪ್ಯರು ಓದುವಂತಿರಲಿಲ್ಲ. ಆದುದರಿಂದ ೧೯೨೯ರಲ್ಲಿ ಒಗಿನೊ ಅವರು ಜರ್ಮನಿಗೆ ಪ್ರಯಾಣ ಮಾಡಿದರು. ೧೯೩೦ರಲ್ಲಿ ಅಲ್ಲಿನ ಸ್ತ್ರೀರೋಗಶಾಸ್ತ್ರದ ಪತ್ರಿಕೆಯಲ್ಲಿ ಅವರ ಲೇಖನವು ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಆಸ್ಟ್ರಿಯಾ ದೇಶದ ಹರ್ಮನ್ ಕ್ನೌಸ್ ಎಂಬ ವೈದ್ಯರು ಬೇರೊಂದು ದಾರಿಯಿಂದ, ಗರ್ಭಾಶಯದ ಸ್ನಾಯುಗಳ ಚಲನೆಯನ್ನು ಪರೀಕ್ಷಿಸಿ, ಹೆಚ್ಚು ಕಡಿಮೆ ಇದೇ ನಿರ್ಣಯಕ್ಕೆ ಬಂದಿದ್ದರು. ಇಬ್ಬರ ಎಣಿಕೆಯಲ್ಲಿ ಸಣ್ಣ ವ್ಯತ್ಯಾಸವಿತ್ತು. ಕ್ನೌಸ್ ಅವರು ಒಂದು ನಿಶ್ಚಿತ ದಿನವನ್ನೇ ಹೇಳಲು ಬಯಸಿದರೆ, ಒಗಿನೊ ಅವರು ಐದು ದಿನಗಳ ಅವಕಾಶವನ್ನು ಬಿಟ್ಟಿದ್ದರು. ಶರೀರವು ಗಡಿಯಾರವಲ್ಲವೆಂಬುದನ್ನು ರೋಗಿಗಳ ನಡುವೆ ಬಾಳಿದ ನೀಗಾಟಾದ ವೈದ್ಯರು ಚೆನ್ನಾಗಿ ಅರಿತಿದ್ದರೆಂದು ತೋರುತ್ತದೆ. ಮುಂದೆ ಈ ವಿಧಾನಕ್ಕೆ ಇಬ್ಬರ ಹೆಸರೂ ಸೇರಿ ಒಗಿನೊ–ಕ್ನೌಸ್ ವಿಧಾನವೆಂಬ ಹೆಸರು ಬಂದಿತು.

ಇಲ್ಲಿಂದ ಮುಂದೆ ಅವರ ವಿದ್ಯೆಯು ಅವರ ಕೈಮೀರಿ ನಡೆಯಿತು. ಗರ್ಭ ನಿಲ್ಲುವ ದಿನಗಳು ಗೊತ್ತಾದರೆ, ಆ ದಿನಗಳನ್ನು ಬಿಟ್ಟು ಉಳಿದ ದಿನಗಳಲ್ಲಿ ಕೂಡಿದರೆ ಮಕ್ಕಳಾಗವಲ್ಲವೆ ಎಂದು ಐರೋಪ್ಯರು ಅದನ್ನು ತಿರುಗಿಸಿ ನೋಡಿದರು. ಔಷಧಿಯಿಲ್ಲ, ಉಪಕರಣವಿಲ್ಲ, ಖರ್ಚಿಲ್ಲ. ಬೇಕಾದುದು ಒಂದು ಕ್ಯಾಲೆಂಡರು, ಒಂದು ಪೆನ್ಸಿಲು. ಕೃತಕ ಉಪಾಯಗಳನ್ನು ನಿಷೇಧಿಸಿದ್ದ ಕ್ಯಾಥೊಲಿಕ್ ಧರ್ಮದವರಿಗೆ ಇದು ವಿಶೇಷವಾಗಿ ಹಿಡಿಸಿತು. ೧೯೩೨ರಲ್ಲಿ ಅಮೇರಿಕದ ಲಿಯೋ ಲ್ಯಾಟ್ಸ್ ಎಂಬ ವೈದ್ಯರು ಇದನ್ನು ಸಾಮಾನ್ಯ ಜನರಿಗಾಗಿ ಪುಸ್ತಕರೂಪದಲ್ಲಿ ಬರೆದರು. ೧೯೫೧ರಲ್ಲಿ ಹನ್ನೆರಡನೆಯ ಪಯಸ್ ಪೋಪರು, ತಕ್ಕ ಕಾರಣವಿದ್ದಲ್ಲಿ ದಂಪತಿಗಳು ಈ ಕ್ರಮವನ್ನು ಅನುಸರಿಸಬಹುದೆಂದು ಸೂಲಗಿತ್ತಿಯರ ಸಭೆಯೊಂದರಲ್ಲಿ ಸಮ್ಮತಿ ನೀಡಿದರು.

ಲೆಕ್ಕದ ಕ್ರಮ ಹೀಗಿದೆ. ಸ್ತ್ರೀಯು ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ತಾನು ಮುಟ್ಟಾದ ದಿನಗಳನ್ನು ಬರೆದಿಡಬೇಕು. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಒಂದು ಚಕ್ರ. ಬರೆದಿಟ್ಟ ಚಕ್ರಗಳಲ್ಲಿ ಅತಿ ಚಿಕ್ಕದರಿಂದ ಹದಿನೆಂಟನ್ನೂ, ಅತಿ ದೊಡ್ಡದರಿಂದ ಹನ್ನೊಂದನ್ನೂ ಕಳೆಯಬೇಕು. ಚಿಕ್ಕದು ಇಪ್ಪತ್ತಾರು ದಿನ, ದೊಡ್ಡದು ಮೂವತ್ತೊಂದು ದಿನವೆಂದಿಟ್ಟುಕೊಂಡರೆ, ಎಂಟನೆಯ ದಿನದಿಂದ ಇಪ್ಪತ್ತನೆಯ ದಿನದವರೆಗೆ ಗರ್ಭ ನಿಲ್ಲುವ ಸಂಭವವುಂಟೆಂದು ತಿಳಿಯಬೇಕು. ಅಂಡವು ಹೊರಬರಬಹುದಾದ ಐದು ದಿನಗಳಿಗೆ, ಪುರುಷಬೀಜವು ಜೀವದಿಂದಿರುವ ಮೂರು ದಿನಗಳನ್ನು ಸೇರಿಸಿ ಮಾಡಿದ ಲೆಕ್ಕವಿದು. ಪುರುಷಬೀಜವು ಐದು ದಿನಗಳವರೆಗೂ ಜೀವಿಸಬಲ್ಲುದೆಂದು ಅನಂತರ ತಿಳಿದುಬಂದುದರಿಂದ, ಹದಿನೆಂಟರ ಬದಲು ಇಪ್ಪತ್ತನ್ನು ಕಳೆಯಬೇಕೆಂದು ಹೇಳುವ ವೈದ್ಯರೂ ಇದ್ದಾರೆ.

ನೋಡಲು ಇದು ಸುಲಭ. ಆದರೆ ಇದರೊಳಗೆ ಒಂದು ತೊಡಕುಂಟು. ಬರಲಿರುವ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕಾದರೆ ಆ ಮುಟ್ಟು ಬಂದಿರಬೇಕು. ಅದು ಬರುವ ವೇಳೆಗೆ ಅಪಾಯದ ದಿನಗಳು ಕಳೆದುಹೋಗಿರುತ್ತವೆ. ಹಿಂದಿನ ತಿಂಗಳುಗಳನ್ನು ನೋಡಿ ಮುಂದಿನ ತಿಂಗಳನ್ನು ಊಹಿಸುವುದಲ್ಲದೆ ಬೇರೆ ದಾರಿಯಿಲ್ಲ. ಆದರೆ ಕಾಯಿಲೆ, ದೂರಪ್ರಯಾಣ, ದುಃಖ, ಚಿಂತೆ ಇವುಗಳಿಂದ ಚಕ್ರವು ಹಿಂದುಮುಂದಾದೀತು. ಬಾಣಂತಿಯರಿಗೆ, ಮೊಲೆಯೂಡಿಸುವ ತಾಯಂದಿರಿಗೆ, ಮುಟ್ಟು ನಿಲ್ಲುವ ವಯಸ್ಸಿಗೆ ಬಂದವರಿಗೆ ಈ ಲೆಕ್ಕ ಹೊಂದುವುದೇ ಇಲ್ಲ. ಫ್ರಾನ್ಸು ದೇಶದಲ್ಲಿ ಈ ಲೆಕ್ಕ ತಪ್ಪಿ ಹುಟ್ಟಿದ ಕೂಸುಗಳನ್ನು ಒಗಿನೊ ಕೂಸುಗಳೆಂದು ಜನರು ತಮಾಷೆಗೆ ಕರೆಯತೊಡಗಿದರು.

ಈ ತಮಾಷೆಯನ್ನು ಕೇಳಿ ನಗುವಷ್ಟು ಹಗುರವಾದ ಮನಸ್ಸು ಒಗಿನೊ ಅವರದಾಗಿರಲಿಲ್ಲ. ತಮ್ಮ ಸಂಶೋಧನೆಯನ್ನು ಸಂತಾನ ನಿಯಂತ್ರಣದ ಸಾಧನವಾಗಿ ಬಳಸುವುದನ್ನು ಅವರು ಒಪ್ಪಲಿಲ್ಲ. ಇದಕ್ಕಿಂತ ಭದ್ರವಾದ ಬೇರೆ ಉಪಾಯಗಳಿರುವಾಗ ಇದನ್ನು ನೆಚ್ಚುವಂತೆ ಜನರಿಗೆ ಬೋಧಿಸಿದರೆ, ಬೇಡದ ಬಸಿರುಗಳು ಹೆಚ್ಚಿ, ಅವುಗಳಿಂದ ಗರ್ಭಪಾತಗಳು ಹೆಚ್ಚುವುವೆಂಬುದು ಅವರ ಭಯವಾಗಿತ್ತು. ಅದು ನಿರಾಧಾರವಾದ ಭಯವಲ್ಲ. ಜಪಾನಿನಲ್ಲಿ ೧೯೪೮ರ ಕಾನೂನು ಗರ್ಭಪಾತಕ್ಕೆ ಅವಕಾಶ ಕೊಟ್ಟಮೇಲೆ, ೧೯೫೦ರ ದಶಕದ ಮಧ್ಯದಲ್ಲಿ ಅಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಗರ್ಭಪಾತಗಳು ದಾಖಲಾದುವು. ಸ್ತ್ರೀಯರ ಆಸ್ಪತ್ರೆಯಲ್ಲಿ ಬಾಳು ಸವೆಸಿದವರಿಗೆ ಆ ಸಂಖ್ಯೆಯ ಹಿಂದಿನ ಸಂಕಟವೇನೆಂದು ಬೇರೆಯವರು ಹೇಳಬೇಕಾಗಿರಲಿಲ್ಲ. ಜಗತ್ತು ತನ್ನನ್ನು ಹೊಗಳುತ್ತಿರುವಾಗ, ಆ ಹೊಗಳಿಕೆಗೆ ಕಾರಣವಾದ ಬಳಕೆಯೇ ಸರಿಯಲ್ಲವೆಂದು ಹೇಳುವುದಕ್ಕೆ ಧೈರ್ಯ ಬೇಕು. ತನ್ನ ಹೆಸರಿಗಿಂತ ರೋಗಿಯ ಹಿತ ದೊಡ್ಡದೆಂದು ತಿಳಿದವರಿಗೆ ಮಾತ್ರ ಅದು ಸಾಧ್ಯ.

ಒಗಿನೊ ಅವರ ಲೆಕ್ಕವು ನಮ್ಮ ಕನ್ನಡ ನಾಡಿಗೂ ಬಂದಿತ್ತೆಂಬುದು ಅನೇಕರಿಗೆ ತಿಳಿಯದು. ಅವರ ಜರ್ಮನ್ ಲೇಖನವು ಪ್ರಕಟವಾದ ೧೯೩೦ರಲ್ಲಿಯೇ ಮೈಸೂರು ಸಂಸ್ಥಾನದ ಸರಕಾರವು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿ, ಸರಕಾರವೊಂದು ಇಂತಹ ಕೆಲಸಕ್ಕೆ ಕೈಹಾಕಿದ ಮೊದಲ ನಿದರ್ಶನಗಳಲ್ಲೊಂದಾಯಿತು. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರದ ಪ್ರಥಮ ಆರೋಗ್ಯ ಸಚಿವೆಯಾದ ರಾಜಕುಮಾರಿ ಅಮೃತ ಕೌರ್ ಅವರು ಗಾಂಧೀಜಿಯವರ ಶಿಷ್ಯೆ. ಕೃತಕ ಸಾಧನಗಳನ್ನು ಅವರ ಮನಸ್ಸು ಒಪ್ಪಲಿಲ್ಲ. ದಿನಗಳನ್ನು ಎಣಿಸಿ ಸಂಯಮದಿಂದಿರುವ ಕ್ರಮವು ಅವರಿಗೆ ಹಿಡಿಸಿತು. ಭಾರತ ಸರಕಾರದ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆಯು ೧೯೫೧ರಲ್ಲಿ ಅಮೇರಿಕದ ಡಾಕ್ಟರ್ ಅಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿತು. ಪ್ರಯೋಗಕ್ಕಾಗಿ ಎರಡು ಸ್ಥಳಗಳನ್ನು ಆರಿಸಲಾಯಿತು. ಒಂದು, ದೆಹಲಿಯಲ್ಲಿ ಸರಕಾರಿ ನೌಕರರು ವಾಸವಾಗಿದ್ದ ಲೋದಿ ಕಾಲನಿ. ಇನ್ನೊಂದು, ಬೆಂಗಳೂರು–ಮೈಸೂರು ರಸ್ತೆಯಲ್ಲಿರುವ ರಾಮನಗರ.

ಓದುಬರಹ ಬಾರದ ಸ್ತ್ರೀಯರಿಗೆ ಕ್ಯಾಲೆಂಡರಿನಿಂದ ಪ್ರಯೋಜನವಿಲ್ಲವಷ್ಟೆ. ಅದಕ್ಕಾಗಿ ಬೇರೆ ಬೇರೆ ಬಣ್ಣದ ಮಣಿಗಳನ್ನು ಪೋಣಿಸಿದ ಸರವೊಂದನ್ನು ಸಿದ್ಧಪಡಿಸಿದರು. ದಿನಕ್ಕೊಂದು ಮಣಿಯನ್ನು ಸರಿಸುತ್ತ ಬಂದರೆ, ಇಂದು ಯಾವ ದಿನವೆಂಬುದನ್ನು ಮಣಿಯ ಬಣ್ಣವೇ ಹೇಳುವುದು. ಉಪಾಯ ಚೆನ್ನಾಗಿತ್ತು, ಮೊದಮೊದಲು ತಿಳಿಯಲು ಬಂದ ದಂಪತಿಗಳೂ ಬಹಳ ಮಂದಿ. ಆದರೆ ಕೊನೆಯವರೆಗೂ ಅನುಸರಿಸಿದವರು ಕೆಲವರೇ. ಮಣಿ ಸರಿಸಲು ಮರೆತವರುಂಟು. ಒಬ್ಬೊಬ್ಬಳ ಚಕ್ರವೂ ಒಂದೊಂದು ಬಗೆಯಾದುದರಿಂದ ಒಬ್ಬೊಬ್ಬಳಿಗೂ ಬೇರೆಯೇ ಸರ ಬೇಕಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಮಣಿಯ ಬಣ್ಣ ನೋಡಿ ಹೆಂಡತಿ ಬೇಡವೆಂದರೆ ಗಂಡನು ಕೇಳಬೇಕಷ್ಟೆ! ಸರವಿದ್ದುದು ಅವಳ ಕೈಯಲ್ಲಿ, ನಿರ್ಧಾರವಿದ್ದುದು ಅವನ ಕೈಯಲ್ಲಿ. ಹೀಗಿರುವಲ್ಲಿ ಯಾವ ಲೆಕ್ಕವೂ ಫಲಿಸಲಾರದು.

ಮುಂದಿನ ವೈದ್ಯರು ಬರಿಯ ಲೆಕ್ಕವನ್ನೇ ನೆಚ್ಚದೆ ಶರೀರವು ಆ ತಿಂಗಳಲ್ಲಿ ತೋರುವ ಕುರುಹುಗಳನ್ನು ಗಮನಿಸಲು ಕಲಿಸಿದರು. ಬೆಳಿಗ್ಗೆ ಏಳುವ ಮೊದಲೇ ಶರೀರದ ಉಷ್ಣತೆಯನ್ನು ಅಳೆದರೆ, ಅಂಡವು ಹೊರಬಂದ ಮೇಲೆ ಅದು ಸ್ವಲ್ಪ ಏರಿರುವುದು ಕಾಣುತ್ತದೆ. ಅಂಡವು ಹೊರಬರುವ ಮೊದಲಿನ ದಿನಗಳಲ್ಲಿ ಯೋನಿಯ ಸ್ರಾವವು ತಿಳಿಯಾಗಿ, ಜಾರುವಂತೆ, ಎಳೆಯಾಗಿ ಬರುತ್ತದೆ. ಆಸ್ಟ್ರೇಲಿಯಾದ ಬಿಲ್ಲಿಂಗ್ಸ್ ದಂಪತಿಗಳು ಈ ಎರಡನೆಯ ಕುರುಹನ್ನು ಆಧರಿಸಿ ಒಂದು ಕ್ರಮವನ್ನು ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಐದು ದೇಶಗಳ ಐದು ನಗರಗಳಲ್ಲಿ ಪರೀಕ್ಷಿಸಿ ೧೯೮೧ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಆ ಐದರಲ್ಲಿ ನಮ್ಮ ಬೆಂಗಳೂರೂ ಒಂದು. ಕಲಿತ ಸ್ತ್ರೀಯರಲ್ಲಿ ಬಹುಪಾಲು ಮಂದಿ ಮೊದಲ ತಿಂಗಳಲ್ಲಿಯೇ ಆ ಕುರುಹನ್ನು ಗುರುತಿಸಬಲ್ಲವರಾದರು. ಆದರೂ ಗರ್ಭ ಧರಿಸಿದವರು ಕಡಿಮೆಯಿರಲಿಲ್ಲ. ಅವರಲ್ಲಿ ಹೆಚ್ಚಿನವರು ಕುರುಹನ್ನು ಅರಿಯದೆ ತಪ್ಪಿದವರಲ್ಲ, ಅರಿತೂ ನಿಯಮವನ್ನು ಮೀರಿದವರು. ರಾಮನಗರದ ಪಾಠವೇ ಇಲ್ಲಿಯೂ ಕಂಡುಬಂದಿತು.

ಮಣಿಯ ಸರವೂ ಮರೆಯಾಗಲಿಲ್ಲ. ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ಅಮೇರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಅದನ್ನು ಹೊಸ ರೂಪದಲ್ಲಿ ತಂದರು. ಚಕ್ರವು ಇಪ್ಪತ್ತಾರರಿಂದ ಮೂವತ್ತೆರಡು ದಿನಗಳೊಳಗೆ ಇರುವವರು ಎಂಟನೆಯ ದಿನದಿಂದ ಹತ್ತೊಂಬತ್ತನೆಯ ದಿನದವರೆಗೆ ದೂರವಿರಬೇಕೆಂಬುದು ಅದರ ನಿಯಮ. ತಪ್ಪದೆ ನಡೆದರೆ ವರ್ಷಕ್ಕೆ ನೂರು ಸ್ತ್ರೀಯರಲ್ಲಿ ಸುಮಾರು ಐವರು, ಸಾಮಾನ್ಯ ಜನರು ನಡೆಯುವಂತೆ ನಡೆದರೆ ಸುಮಾರು ಹನ್ನೆರಡು ಮಂದಿ ಗರ್ಭ ಧರಿಸುತ್ತಾರೆಂದು ಪರೀಕ್ಷೆಯಿಂದ ತಿಳಿದಿದೆ. ಈ ಎರಡು ಸಂಖ್ಯೆಗಳ ನಡುವಣ ಅಂತರವೇ ಮನುಷ್ಯ ಸ್ವಭಾವ.

ಹೊರಗಿನ ಪ್ರಪಂಚವು ಒಗಿನೊ ಅವರನ್ನು ಈ ಒಂದು ಲೆಕ್ಕದಿಂದಲೇ ಬಲ್ಲುದು. ಸ್ವದೇಶದ ವೈದ್ಯರು ಅವರನ್ನು ಗರ್ಭಾಶಯದ ಕೊರಳಿನ ಕ್ಯಾನ್ಸರಿಗೆ ಮಾಡುವ ಶಸ್ತ್ರಕ್ರಿಯೆಯನ್ನು ಉತ್ತಮಪಡಿಸಿದವರೆಂದೂ ಸ್ಮರಿಸುತ್ತಾರೆ. ಸಾವಿನ ಬಾಗಿಲಿನಲ್ಲಿದ್ದ ಸ್ತ್ರೀಯರನ್ನು ಬದುಕಿಸುವ ಆ ಕೆಲಸವನ್ನು ಅವರು ನೀಗಾಟಾದ ಅದೇ ಆಸ್ಪತ್ರೆಯಲ್ಲಿ ಮುಂದುವರಿಸಿಕೊಂಡು ಬಂದರು. ೧೯೭೫ನೆಯ ಇಸವಿ ಜನವರಿ ೧ರಂದು, ತೊಂಬತ್ತೆರಡನೆಯ ವಯಸ್ಸಿನಲ್ಲಿ ಅವರು ಕಾಲವಾದರು. ಜೀವಮಾನವಿಡೀ ದಿನಗಳನ್ನು ಎಣಿಸಿದವರು ಹೊಸ ವರ್ಷದ ಮೊದಲ ದಿನವೇ ಹೊರಟುಹೋದರು. ನೀಗಾಟಾ ನಗರದ ಒಂದು ಬೀದಿಗೆ ಅವರ ಹೆಸರಿದೆ.

ಅವರ ಜೀವನದಿಂದ ನಾವು ತಿಳಿಯಬೇಕಾದುದು ಇಷ್ಟು. ಶರೀರದ ದಿನಗಳನ್ನು ಅರಿಯುವುದು ನಾಚಿಕೆಯ ವಿಷಯವಲ್ಲ. ಅರಿಯದೆ ಹೆಂಡತಿಯನ್ನು ಬಂಜೆಯೆನ್ನುವುದು, ಅರಿಯದೆ ಅವಳ ಮೇಲೆ ವರ್ಷವರ್ಷವೂ ಬಸಿರಿನ ಭಾರವನ್ನು ಹೊರಿಸುವುದು ನಾಚಿಕೆಯ ವಿಷಯ. ಮಕ್ಕಳನ್ನು ಬಯಸುವವರಿಗೆ ಒಗಿನೊ ಅವರ ಲೆಕ್ಕವು ಒಳ್ಳೆಯ ದೀಪ. ಮಕ್ಕಳು ಸದ್ಯಕ್ಕೆ ಬೇಡವೆನ್ನುವವರು ಅದೊಂದನ್ನೇ ಕುರುಡಾಗಿ ನಂಬದೆ, ಕಂಡುಹಿಡಿದವರೇ ಕೊಟ್ಟ ಎಚ್ಚರಿಕೆಯನ್ನು ನೆನೆದು, ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ವೈದ್ಯರ ಸಲಹೆಯನ್ನು ಪಡೆಯುವುದು ಕ್ಷೇಮ. ವರ್ಷಕ್ಕೊಮ್ಮೆ ಊರಿಗೆ ಹೋಗುವ ಗಂಡನ ಸ್ವಲ್ಪ ದಿನಗಳ ರಜೆಯಲ್ಲಿ ಲೆಕ್ಕದ ಸಂಯಮವನ್ನು ಪಾಲಿಸುವುದು ಎಷ್ಟು ಕಷ್ಟವೆಂಬುದು ಯಾರೂ ಅರಿಯದ ವಿಷಯವಲ್ಲ. ಅಂತಹವರಿಗಂತೂ ಈ ಸಲಹೆ ಇನ್ನೂ ಅಗತ್ಯ.

ಯಾವ ಕ್ರಮವನ್ನು ಆರಿಸಿಕೊಂಡರೂ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಹೆಂಡತಿಯೊಬ್ಬಳದೇ ಆಗಬಾರದು. ಊರಿಗೆ ಹೋಗುವ ದಿನವನ್ನು ಅಷ್ಟು ಅಕ್ಕರೆಯಿಂದ ಹಿಂದಕ್ಕೆ ಎಣಿಸಬಲ್ಲ ಗಂಡನು, ಊರಿನಲ್ಲಿ ಕಾದಿರುವವಳ ದಿನಗಳನ್ನೂ ಅವಳೊಡನೆ ಕುಳಿತು ಎಣಿಸಲು ಕಲಿತರೆ, ಆ ಮನೆಯಲ್ಲಿ ಒಗಿನೊ ಅವರ ಶ್ರಮ ಸಾರ್ಥಕವಾಯಿತೆಂದು ಹೇಳಬಹುದು.